ಮರಳು ಮೂಟೆಗಳು ಒಪ್ಪಿದ ಹಾಯಿದೋಣಿ

ದಡದ ಮೇಲಿರುವ ಮಾನ್ಯರೇ,

‘ನೀರಿನ ಮೇಲೆ ಎಲ್ಲರ ನೆರಳಿಗೂ ಒಂದೇ ಎತ್ತರ.’ ಇಂಥದೊಂದು ಸಾಲನ್ನು ಎಂದೋ ಎಲ್ಲೋ ಓದಿದ ನೆನಪು. ಎತ್ತರವೋ ಅಳತೆಯೋ, ನೀರೋ ಕೆರೆಯೋ, ಖಾತ್ರಿಯಿಲ್ಲ. ಎಂ.ಎ. ಓದುವಾಗ ಇಂಥ ಸಾಲುಗಳಿಗೆ ಸುಮ್ಮನೆ ತಲೆದೂಗುತ್ತಿದ್ದೆ. ಈಗ ಅನುಮಾನ ಬರುತ್ತಿದೆ. ಬರೆದವರು ಯಾರೇ ಇರಲಿ, ಜಲಕ್ರೀಡಾ ಇಲಾಖೆಯ ತಮ್ಮ ಖರೀದಿ ಸಮಿತಿಯನ್ನು ಅವರು ನೋಡಿರಲಿಲ್ಲ. ಅಂಗವಿಕಲ ನಾವಿಕರಿಗೆಂದು ತಾವು ಆರಿಸಿರುವ ಹಾಯಿದೋಣಿಯಲ್ಲಿ ಅಂಗವಿಕಲರು ಏನು ಬೇಕಾದರೂ ಆಗಬಹುದು, ನಾವಿಕರಾಗುವುದೊಂದನ್ನು ಬಿಟ್ಟು. ನನ್ನ ದೂರು ಇಷ್ಟೇ. ಉಳಿದದ್ದು ಸಿಟ್ಟು.

‘ಅಂಗವಿಕಲರು ಅನ್ನಬಾರದು ಮೇಡಂ, ವಿಶೇಷ ಚೇತನರು ಅನ್ನಬೇಕು’ ಎಂದು ತಮ್ಮ ಕಚೇರಿಯ ಗುಮಾಸ್ತರು ನನ್ನನ್ನು ತಿದ್ದಿದರು. ಆ ತಿದ್ದುಪಡಿ ನಡೆದದ್ದು ಎರಡನೇ ಮಹಡಿಯಲ್ಲಿ. ಲಿಫ್ಟ್ ಇಲ್ಲದ ಕಾರಣ ನನ್ನ ತಂಗಿ ಆಗ ಕೆಳಗೆ, ಸ್ಕೂಟರುಗಳ ನಡುವೆ, ವಿಶೇಷವಾಗಿಯೇ ಕೂತಿದ್ದಳು.

ತಂಗಿ ಕೋರ್ಟಿನಲ್ಲಿ ಶೀಘ್ರಲಿಪಿಗಾರ್ತಿ. ಬಸ್ಸು ಮಗುಚಿದ ದಿನದಿಂದ ಸೊಂಟದ ಕೆಳಗಿನ ಭಾಗ ಅವಳ ಮಾತು ಕೇಳುವುದಿಲ್ಲ. ಅಂದಿನಿಂದ ಊರೆಲ್ಲ ಅವಳನ್ನು ತಳ್ಳುತ್ತದೆ. ಪ್ರೀತಿಯಿಂದ ತಳ್ಳುತ್ತದೆ, ಆದರೆ ಕೇಳಿ ತಳ್ಳುವುದಿಲ್ಲ. ಔಷಧಿ ಅಂಗಡಿಯ ಮುಂದೆ ನನಗಾಗಿ ಕಾಯುತ್ತಿದ್ದವಳನ್ನು ಯಾರೋ ಪುಣ್ಯಾತ್ಮರು ರಸ್ತೆಯ ಆಚೆ ದಾಟಿಸಿ, ಅವಳ ಬಾಯಿಂದ ಥ್ಯಾಂಕ್ಸ್ ಹೇಳಿಸಿಕೊಂಡೇ ಹೋದರು. ಅವಳಿಗೆ ಆಚೆ ಏನೂ ಕೆಲಸವಿರಲಿಲ್ಲ.

ಇಂಥವಳು ಕಳೆದ ಬೇಸಿಗೆಯಲ್ಲಿ ಹಾಯಿದೋಣಿ ನಡೆಸಿದಳು. ನಮ್ಮ ದೋಣಿ ಕ್ಲಬ್ಬು ಬೇರೆ ಊರಿನಿಂದ ಎರವಲು ತಂದಿದ್ದ ಪುಟ್ಟ ದೋಣಿ. ಸ್ನಾನದ ತೊಟ್ಟಿಗಿಂತ ಸ್ವಲ್ಪ ಉದ್ದ ಎಂದು ನಾನು ನಕ್ಕಿದ್ದೆ. ಕಾಲು ಸ್ವಾಧೀನದಲ್ಲಿರುವವರು ಗಾಳಿ ಜೋರಾದಾಗ ಅಂಚಿಗೆ ಸರಿದು, ಮೈ ವಾಲಿಸಿ ದೋಣಿಯನ್ನು ಸರಿತೂಗಿಸುತ್ತಾರೆ. ತಂಗಿಗೆ ಅದಾಗದು. ಆದ್ದರಿಂದ ಆ ದೋಣಿಯ ಹೊಟ್ಟೆಯ ಕೆಳಗೇ ಭಾರವಿದೆ. ಗಾಳಿ ಎಷ್ಟು ವಾಲಿಸಿದರೂ ಎದ್ದು ಕೂರುತ್ತದೆ. ಆಸನ ತಳಕ್ಕಂಟಿಕೊಂಡಂತಿದ್ದು ಮುಂದಕ್ಕೆ ಮುಖಮಾಡಿದೆ. ಚುಕ್ಕಾಣಿಯ ಕೋಲು ಮಂಡಿಗಳ ನಡುವೆ, ಹಗ್ಗಗಳೆಲ್ಲ ಕೈಯಳತೆಯಲ್ಲಿ. ಗಾಳಿ ಹೆಚ್ಚಾದರೆ ಒಂದು ಹಗ್ಗ ಎಳೆದರೆ ಸಾಕು, ಹಾಯಿ ಕಂಬಕ್ಕೆ ಸುತ್ತಿಕೊಂಡು ಚಿಕ್ಕದಾಗುತ್ತದೆ.

ಹೋದಳು. ಕೆರೆಯ ನಡುವಿಗೆ ಹೋದಳು. ವೀಲ್‌ಚೇರ್ ಖಾಲಿಯಾಗಿ ನನ್ನ ಪಕ್ಕದಲ್ಲಿತ್ತು.

“ಸಾಕು, ಬಾರೇ ಈಚೆ!” ಎಂದು ಕೂಗಿದೆ.

“ಕೇಳಿಸ್ತಿಲ್ಲ ಅಕ್ಕಾ!”

ವಕೀಲರು ಬಾಯೊಳಗೇ ನುಂಗಿದ ಮಾತನ್ನೂ ಬರೆದುಕೊಳ್ಳುವ ಕಿವಿ ಅದು. ಚೆನ್ನಾಗಿಯೇ ಕೇಳಿಸಿತ್ತು.

ಈಗ ತಮ್ಮ ದೋಣಿಯ ವಿಚಾರ. ವಿಶಾಲವಾಗಿದೆ, ಒಪ್ಪಿದೆ. ಮದುವೆ ಮಂಟಪವೂ ವಿಶಾಲವಾಗಿರುತ್ತದೆ, ಹಾಗಂತ ಅದಕ್ಕೆ ಹಾಯಿ ಕಟ್ಟುತ್ತಾರೆಯೇ? ಮುಂದೆ ಸೋಫಾದಂಥ ಎತ್ತರದ ಆಸನಗಳು, ಪ್ರತಿಯೊಂದಕ್ಕೂ ಬೆಲ್ಟು, ಮೇಲೆ ಬಿಸಿಲಿಗೆ ಮರೆ, ಹಿಂದೆ ಇಲಾಖೆಯ ಸಿಬ್ಬಂದಿಗೆ ಚುಕ್ಕಾಣಿ. ಪರೀಕ್ಷೆಯ ದಿನ ನಮ್ಮನ್ನೂ ಕರೆದಿರಿ, ಕೃತಜ್ಞತೆಗಳು. ಆದರೆ ‘ಸುರಕ್ಷತೆಯ ದೃಷ್ಟಿಯಿಂದ’ ಅಂಗವಿಕಲರನ್ನೆಲ್ಲ ದಡದ ಟೆಂಟಿನಲ್ಲಿ ಕೂರಿಸಿ, ಅವರ ಬದಲು ಆಸನಗಳಲ್ಲಿ ಮರಳು ಮೂಟೆಗಳಿಗೆ ಬೆಲ್ಟು ಬಿಗಿದು ಕಳಿಸಿದಿರಲ್ಲ! ಮೂಟೆಗಳು ಹೋದವು, ಬಂದವು. ‘ಪ್ರಯಾಣದಲ್ಲಿ ಯಾರಿಂದಲೂ ಆಕ್ಷೇಪಣೆ ಬಂದಿಲ್ಲ’ ಎಂದು ಸಮಿತಿ ತೀರ್ಮಾನಿಸಿತು. ಎಂಥ ಶಿಸ್ತಿನ ಫಲಾನುಭವಿಗಳು! ಇಲಾಖೆಗೆ ಬೇಕಾದದ್ದೂ ಬಹುಶಃ ಅಂಥವರೇ.

ಆಕ್ಷೇಪಿಸಿದ್ದು ತಂಗಿ ಒಬ್ಬಳೇ. ತಮ್ಮ ಎಂಜಿನಿಯರರನ್ನು ಹಿಡಿದು ನಿಲ್ಲಿಸಿದಳು.

“ಚುಕ್ಕಾಣಿ ಹಿಂದಿದೆಯಲ್ಲ ಸರ್, ನಾನು ಹಿಡಿಯೋದು ಹೇಗೆ?”

“ನೀವ್ಯಾಕಮ್ಮ ಹಿಡೀಬೇಕು? ನಮ್ಮೋರು ಹಿಡೀತಾರೆ. ನೀವು ಆರಾಮಾಗಿ ಕೂತು ಗಾಳಿ ತಗೊಳ್ಳಿ.”

“ಗಾಳಿ ಮನೇಲಿ ಫ್ಯಾನ್ ಕೆಳಗೂ ಸಿಗುತ್ತೆ ಸರ್.”

“ನೋಡಿ, ಬೆಲ್ಟ್ ಬೇರೆ ಇದೆ. ಬೀಳೋ ಮಾತೇ ಇಲ್ಲ.”

“ದೋಣಿ ಮಗುಚಿದ್ರೆ?”

“ಮಗುಚಿದ್ರೂ ಅಷ್ಟೇ, ನೀವು ಸೀಟಲ್ಲೇ ಇರ್ತೀರಿ.”

ಹೇಳಿದ ಮೇಲೆ ಆ ಮಾತು ಅವರ ಕಿವಿಗೂ ಬಿದ್ದಿರಬೇಕು. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡರು. ನೀರಿನಡಿ ತಲೆಕೆಳಗಾಗಿ, ಬಿಗಿದ ಬೆಲ್ಟಿನೊಳಗೆ, ಬೀಳದೆ ಕೂತಿರುವುದಕ್ಕೆ ತಮ್ಮಲ್ಲಿ ಸುರಕ್ಷತೆ ಎಂಬ ಹೆಸರಿರಬಹುದು. ನಮ್ಮಲ್ಲಿ ಬೇರೆ ಹೆಸರಿದೆ.

ನಾವು ಕೇಳಿದ್ದ ಪುಟ್ಟ ದೋಣಿಯಲ್ಲಿ ಸಹಾಯಕರಿಗೆ ಜಾಗವಿಲ್ಲ ಎಂಬುದು ತಮ್ಮ ಮುಖ್ಯ ತಕರಾರು. ಮಾನ್ಯರೇ, ಅದರ ಮುಖ್ಯ ಗುಣವೇ ಅದು. ಕಾವಲಿಗೆ ಇನ್ನೊಂದು ದೋಣಿ ದೂರದಲ್ಲಿ ಸುತ್ತುತ್ತಿರಲಿ, ಲೈಫ್ ಜಾಕೆಟ್ ಇರಲಿ, ಬೇಡವೆಂದವರಾರು? ಆದರೆ ಎಡಕ್ಕೆ ಹೋಗಲೋ ಬಲಕ್ಕೆ ಹೋಗಲೋ ಎಂದು ತಾನೇ ನಿರ್ಧರಿಸಿ, ತಪ್ಪು ಮಾಡಿ, ಜೊಂಡಿನಲ್ಲಿ ಸಿಕ್ಕಿಕೊಂಡು, ತಾನೇ ಬೈದುಕೊಂಡು ಬಿಡಿಸಿಕೊಳ್ಳುವ ಸುಖವನ್ನು ಸಹಾಯಕರು ಹೇಗೆ ಕೊಟ್ಟಾರು? ಕವಿತೆ ಓದುವ ನಾನು ಇದಕ್ಕೆ ಸ್ವಾತಂತ್ರ್ಯ, ಬಯಲು ಎಂದೆಲ್ಲ ದೊಡ್ಡ ಮಾತು ಹುಡುಕುತ್ತಿದ್ದೆ. ತಂಗಿ ಅಷ್ಟು ದೂರ ಹೋಗಲಿಲ್ಲ. “ಅಲ್ಲಿ ಯಾರೂ ನನ್ನ ಬೆನ್ನ ಹಿಂದೆ ನಿಂತು ಮಾತಾಡಲ್ಲ ಅಕ್ಕಾ” ಎಂದಳು.

ಎರವಲು ದೋಣಿ ಈ ತಿಂಗಳ ಕೊನೆಗೆ ವಾಪಸಾಗುತ್ತದೆ. ಮುಂದಿನ ವಾರ ತಮ್ಮ ಸಹಿ ಬೀಳುತ್ತದಂತೆ. ಬಿದ್ದರೆ, ಕ್ಲಬ್ಬಿನ ಕಟ್ಟೆಯಲ್ಲಿ ತಮ್ಮ ತೇಲುವ ಸೋಫಾದ ಹೊರತು ಇನ್ನೊಂದಕ್ಕೆ ಜಾಗ ಉಳಿಯದು. “ಅದಕ್ಕೆ ನಾನು ಹತ್ತಲ್ಲ. ತಳ್ಳಿಸಿಕೊಳ್ಳೋಕೆ ನೆಲವೇ ಸಾಕು” ಎಂದು ತಂಗಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾಳೆ. ಅವಳ ಹಟ ನನಗೆ ಗೊತ್ತು. ಹತ್ತುವುದಿಲ್ಲ.

ಆದ್ದರಿಂದ ಸಹಿ ಹಾಕುವ ಕೈಯನ್ನು ತಡೆಹಿಡಿಯಿರಿ. ಗಾಳಿಯಿರುವ ದಿನ, ನೀರಿನ ಮೇಲೆ, ಎರಡೂ ದೋಣಿಗಳನ್ನು ಇನ್ನೊಮ್ಮೆ ಪರೀಕ್ಷಿಸಿ, ನಡೆಸುವವರೇ ಆರಿಸಲಿ. ತಮ್ಮ ಆಯ್ಕೆಯ ಮೇಲೆ ಇನ್ನೂ ಭರವಸೆಯಿದ್ದರೆ ಸಮಿತಿಯ ಸದಸ್ಯರು ಆ ಆಸನಗಳಲ್ಲಿ ಬೆಲ್ಟು ಬಿಗಿದುಕೊಂಡು ಕೂರಲಿ. ಟೆಂಟಿನ ನೆರಳಲ್ಲಿ ಕಾದು ಕೂರುವ ಅಭ್ಯಾಸ ನಮಗಿದೆ.

ಇಂತಿ,
ಈಜಲು ಬಾರದ, ಸುಮ್ಮನಿರಲೂ ಬಾರದ
ಒಬ್ಬ ಅಕ್ಕ

ತಾ.ಕ.: ಇದನ್ನು ತಂಗಿಗೆ ಓದಿ ಹೇಳುತ್ತಿದ್ದಾಗ ಪಕ್ಕದ ಮನೆಯ ಆಂಟಿ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡರು. ನೀರೆಂದರೆ ಹೆದರುವವರು, ‘ಇವಳಿಗ್ಯಾಕೆ ಈ ಉಸಾಬರಿ’ ಎಂದೇ ವಾದಿಸುವವರು. ಚಪ್ಪಲಿ ಮೆಟ್ಟಿಕೊಂಡು, ತಮ್ಮದೇ ಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು: “ನನ್ನ ಮಂಡಿನೂ ಹೋಗಿದೆ ಅಂತ ಸೇರಿಸಿಬಿಡಿ. ಆದ್ರೆ ನಮ್ಮೆಜಮಾನ್ರು ದಡದಲ್ಲೇ ಇರಬೇಕು, ಅದನ್ನೂ ಸ್ಪಷ್ಟವಾಗಿ ಬರೀರಿ.”