ರಕ್ಷಣಾ ಪ್ರತಿಕ್ರಿಯೆ: ಉತ್ತಮ

ಆಸ್ಪತ್ರೆಯ ರೋಗಪರೀಕ್ಷಾ ವಿಭಾಗದ ಮುಖ್ಯಸ್ಥರೇ,

'ಮಾನ್ಯರೇ' ಎಂದು ಶುರು ಮಾಡಿ ಹೊಡೆದು ಹಾಕಿದೆ. ನಿಮ್ಮ ಸ್ತನ ಗೆಡ್ಡೆಯ ವರದಿ ನಮೂನೆಯಲ್ಲಿ ಏಳನೆಯ ಸಾಲು ತಪ್ಪಾಗಿದೆ. ಹನ್ನೊಂದು ವರ್ಷ ಅದನ್ನು ತುಂಬಿದವಳು ನಾನು. ಆದ್ದರಿಂದ ಈ ದೂರು ಅರ್ಧಕ್ಕರ್ಧ ನನ್ನ ಮೇಲೆಯೇ ಇದೆ.

ಆ ಸಾಲಿನಲ್ಲಿ 'ರಕ್ಷಣಾ ಪ್ರತಿಕ್ರಿಯೆ' ಎಂದಿದೆ. ಎದುರಿಗೆ ಮೂರೇ ಚೌಕ: ಉತ್ತಮ, ಸಾಧಾರಣ, ಕಡಿಮೆ. ಗೆಡ್ಡೆಯ ತೆಳು ಪದರಕ್ಕೆ ಬಣ್ಣ ಹಾಕಿ ನೋಡುವಾಗ ರೋಗನಿರೋಧಕ ಕೋಶಗಳು ಗುಂಪುಗೂಡಿದ್ದರೆ ತಂತ್ರಜ್ಞೆಯಾದ ನಾನು 'ಉತ್ತಮ'ಕ್ಕೆ ಗುರುತು ಹಾಕಬೇಕು, ವೈದ್ಯರು ಸಹಿ ಹಾಕಬೇಕು. ಗುಂಪಿನಲ್ಲಿರುವವರು ಯಾರು, ಅವರಿಗೇನು ಕೆಲಸ ಎಂದು ಕೇಳುವ ಚೌಕವೇ ಇಲ್ಲ. ಠಾಣೆಯ ಮುಂದೆ ಜನ ಸೇರಿದ್ದಾರೆ, ಆದ್ದರಿಂದ ಊರು ಸುಭದ್ರ ಎಂದು ಬರೆದುಕೊಳ್ಳುವ ಆಡಳಿತ ಬೇರೆಲ್ಲಾದರೂ ಉಂಟೇ?

ನನ್ನ ಅಕ್ಕನ ಗೆಡ್ಡೆಯೂ ಅದೇ ಮೇಜಿಗೆ ಬಂತು. ಶಸ್ತ್ರಚಿಕಿತ್ಸೆಯಾಗಿತ್ತು, ಕೂಡಲೇ ಕಿಮೋಥೆರಪಿಗೆ ಬನ್ನಿ ಎಂದು ವೈದ್ಯರು ಹೇಳಿದ್ದರು. ಕೂದಲು ಉದುರುತ್ತದೆ, ಹೊಲಿಗೆ ಅಂಗಡಿ ಮುಚ್ಚಬೇಕಾಗುತ್ತದೆ ಎಂದು ಅವಳು ಮೀನಮೇಷ ಎಣಿಸುತ್ತಿದ್ದಳು. ನನ್ನನ್ನು ಕೇಳಿದಳು. ಸೂಕ್ಷ್ಮದರ್ಶಕದಲ್ಲಿ ಕಂಡ ದಟ್ಟ ಗುಂಪನ್ನು ನೆನೆದು ನಾನು ದೊಡ್ಡ ಪಂಡಿತೆಯ ಹಾಗೆ ಹೇಳಿದೆ: "ನಿನ್ನ ಮೈಯೇ ಚೆನ್ನಾಗಿ ಹೋರಾಡ್ತಾ ಇದೆ ಅಕ್ಕಾ. ಒಂದೆರಡು ತಿಂಗಳು ತಡ ಆದ್ರೆ ಏನೂ ಆಗಲ್ಲ." ಅವಳು ಐದು ತಿಂಗಳು ತಡ ಮಾಡಿದಳು.

ಕಳೆದ ತಿಂಗಳು ತರಬೇತಿಯಲ್ಲಿ ಹಳೆಯ ಮಾದರಿಗಳಿಗೆ ಎರಡು ಬಣ್ಣ ಹಾಕಿಸಿದರು: ರಕ್ತನಾಳಗಳಿಗೆ ಕಂದು, ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳಿಗೆ ಕೆಂಪು. ಅಕ್ಕನದನ್ನು ನಾನೇ ಹೆಮ್ಮೆಯಿಂದ ಆರಿಸಿಕೊಂಡೆ. ಎಲ್ಲಿ ಕೆಂಪು ದಟ್ಟವೋ ಅಲ್ಲೇ ಹೊಸ ನಾಳಗಳು ಹೆಣೆದುಕೊಂಡಿದ್ದವು. ಕಾವಲಿಗೆ ಬಂದ ಈ ಕೋಶಗಳನ್ನು ಗೆಡ್ಡೆ ತನ್ನ ಕಡೆಗೆ ಒಲಿಸಿಕೊಳ್ಳಬಲ್ಲದು, ಆಗ ಅವು ನಾಳ ಬೆಳೆಸುವ ರಾಸಾಯನಿಕ ಬಿಡುತ್ತವೆ, ಆ ನಾಳಗಳಿಂದಲೇ ಗೆಡ್ಡೆ ಉಂಡು ಬೆಳೆಯುತ್ತದೆ ಎಂದು ತರಬೇತುದಾರರು ವಿವರಿಸಿದರು. ನಿಜವಾಗಿ ಹೋರಾಡುವ ಬೇರೆ ಕೋಶಗಳೂ ಇವೆ. ಅಕ್ಕನ ಗುಂಪಿನಲ್ಲಿ ಅವು ವಿರಳ. ಇದು ಇಂದು ನಿನ್ನೆಯ ಸಂಶೋಧನೆಯಲ್ಲ, ನಮ್ಮ ನಮೂನೆಗೆ ಮಾತ್ರ ಸುದ್ದಿ ಮುಟ್ಟಿಲ್ಲ. ನಿಮ್ಮ ಕೋಣೆಗೆ ಬಂದು ಹೇಳಿದರೆ, ಅಚ್ಚಾದ ನಮೂನೆಯ ಕಟ್ಟುಗಳು ಮುಗಿಯಲಿ, ಆಮೇಲೆ ನೋಡೋಣ ಎಂದಿರಿ. ಅದಕ್ಕೇ ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ.

ಅಕ್ಕನ ರೋಗ ಈಗ ಬೆನ್ನುಮೂಳೆಗೆ ಹಬ್ಬಿದೆ. ತಡವಾದದ್ದರಿಂದಲೇ ಎಂದು ಯಾವ ವೈದ್ಯರೂ ಹೇಳಲಾರರು, ಅಲ್ಲ ಎಂದೂ ಹೇಳಲಾರರು. ನೋಡಲು ಬಂದವರಿಗೆಲ್ಲ ಅವಳು, "ನನ್ನ ಮೈ ಗಟ್ಟಿ, ನಮ್ಮ ತಂಗಿ ಕಣ್ಣಾರೆ ನೋಡಿದಾಳೆ" ಎನ್ನುತ್ತಾಳೆ. ನಾನು ದಿಂಬು ಸರಿಪಡಿಸುತ್ತೇನೆ. ನನ್ನ ಬಗ್ಗೆ ನನಗೇ ಅಸಹ್ಯವಾಗುತ್ತದೆ.

ಏಳನೆಯ ಸಾಲನ್ನು ತೆಗೆದು, ಯಾವ ಕೋಶ, ಎಷ್ಟು ಎಂದು ಕೇಳುವ ಸಾಲು ಹಾಕಿಸಿ. 'ಉತ್ತಮ' ಎಂಬ ವರದಿ ಪಡೆದ ಹೆಂಗಸರನ್ನೆಲ್ಲ ಕರೆಸಿ, ಆ ಪದವನ್ನು ನಂಬಬೇಡಿ ಎಂದು ಹೇಳಿ. ಅಂಚೆಯಲ್ಲಿ ಬೇಡ, ಎದುರಿಗೆ ಕುಳಿತು ಹೇಳಿ. ಅದೆಷ್ಟು ಕಷ್ಟ ಎಂದು ನನಗೆ ಗೊತ್ತು: ಈ ಪತ್ರ ಅಚ್ಚಾಗುವ ಮೊದಲು ಅಕ್ಕನಿಗೆ ಹೇಳಬೇಕೆಂದು ಮೂರು ಸಂಜೆ ಹೋದೆ, ಮೂರು ಸಂಜೆಯೂ ಚಹಾ ಕುಡಿದು ಎದ್ದು ಬಂದೆ. ಇವತ್ತು ಹೇಳುತ್ತೇನೆ. ಉಳಿದವರಿಗೆ ಹೇಳುವವರು ನೀವು.

ಇಂತಿ,
ಗುರುತು ಹಾಕಿದ ಕೈಯವಳು