ಭಾಮೆಯ ಬಾಣಂತನ

ಹಳೇಬೀಡು
ಪ್ರಮಾಥಿ ಸಂವತ್ಸರದ ಕಾರ್ತಿಕ ಮಾಸ
18 ನವೆಂಬರ್ 1999

ಸೌಭಾಗ್ಯವತಿ ವಿಭಾಳಿಗೆ, ಬೇಲೂರು ಕೇಶವನು ನಿನ್ನನ್ನೂ ನಿನ್ನ ಒಡಲ ಕೂಸನ್ನೂ ಕಾಯಲೆಂದು ಬೇಡುತ್ತಾ ನಿನ್ನ ತಾಯಿ ಬರೆಯುವುದು.

ಚೊಚ್ಚಲ ಹೆರಿಗೆಗೆ ತವರಿಗೆ ಬರುವುದಿಲ್ಲ, ಅರಸೀಕೆರೆಯಲ್ಲಿ ಅತ್ತೆಯವರ ಬಳಿಯೇ ಉಳಿಯುವೆನೆಂದು ಬರೆದಿರುವೆ. ಕಾರಣ ಬರೆದಿಲ್ಲ. ಬದಲಿಗೆ ನೀನು ಇಲ್ಲಿ ಬಿಟ್ಟುಹೋದ ಚಿಂಚಿಲ್ಲಾ ಮೊಲಗಳ ಕ್ಷೇಮ ಕೇಳಿ, ಕೊನೆಯಲ್ಲಿ ನಮ್ಮಿಬ್ಬರ ಸಿಡುಕು ಮಗುವಿಗೂ ಇಳಿಯುವುದೇ ಎಂದು ಕೇಳಿರುವೆ. ಆದ್ದರಿಂದ ಮೊಲಗಳಿಂದಲೇ ಆರಂಭಿಸುತ್ತೇನೆ.

ಮೈಬಣ್ಣಕ್ಕೆ ಮರುಳಾಗಬೇಡ, ಕೈ ಚಾಚಿದಾಗ ಬೆದರದ ಮೊಲವನ್ನೇ ತಳಿಗೆ ಇಟ್ಟುಕೋ ಎಂದು ನೀನು ಹೇಳಿ ಹೋಗಿದ್ದೆ. ನಾನಾದರೋ ಮಾದಿಹಳ್ಳಿಯ ನಂಜುಂಡಯ್ಯನನ್ನು ಕರೆಸಿದೆ. ದನಗಳ ಸುಳಿ ನೋಡಿ ಲಕ್ಷಣ ಹೇಳುವವನಿಗೆ ಮೊಲದ ಸುಳಿ ತಿಳಿಯದೇ ಎಂಬುದು ನನ್ನ ತರ್ಕ. ನೀನು ಭಾಮೆಯೆಂದು ಹೆಸರಿಟ್ಟ ಆ ಸಿಡುಕಿಯ ನೆತ್ತಿಯ ರೋಮ ಬಿಡಿಸಿ ನೋಡಿ, "ಅಮ್ಮಾವ್ರೇ, ಲಕ್ಷ್ಮಿ ಕೂತವ್ಳೆ ಇಲ್ಲಿ" ಎಂದ. ಮರುಕ್ಷಣವೇ ಲಕ್ಷ್ಮಿ ಅವನ ಹೆಬ್ಬೆರಳು ಕಚ್ಚಿದಳು. "ಸುಳಿ ಸರಿಯಾಗೇ ಐತೆ ಕಣ್ರಮ್ಮ, ಹಲ್ಲು ನೋಡೋದು ಮರ್ತೆ" ಎಂದು ನಕ್ಕನೇ ಹೊರತು ಮಾತು ಹಿಂತೆಗೆದುಕೊಳ್ಳಲಿಲ್ಲ. ನಾನೂ ಭಾಮೆಯನ್ನು ಗಂಡಿನೊಡನೆ ಬಿಟ್ಟೆ.

ಭಾಮೆ ಈದಳು, ಇನ್ನೊಂದು ಹೆಣ್ಣು ಮೊಲ, ಸಾಧುವಾದ ರುಕ್ಮಿಣಿಯೂ ಅದೇ ದಿನಗಳಲ್ಲಿ ಈದಿದ್ದಳು. ಮರಿಗಳು ಬೆಚ್ಚಗಿವೆಯೇ, ಹಾಲು ಕುಡಿದವೇ ಎಂದು ನಾನು ಭಾಮೆಯ ಗೂಡನ್ನು ಹೋಗಿ ಹೋಗಿ ಇಣುಕಿದೆ, ಹುಲ್ಲು ಸರಿಪಡಿಸಿದೆ, ತಾಯಿಗೆ ಬುದ್ಧಿಯನ್ನೂ ಹೇಳಿದೆ. ಅವಳು ಬೆದರಿ ಕಾಲು ಬಡಿದು ಒಂದು ಮರಿಯನ್ನು ತುಳಿದುಬಿಟ್ಟಳು. ಉಳಿದ ಮೂರರಲ್ಲಿ ಎರಡನ್ನು ರುಕ್ಮಿಣಿಯ ಮಡಿಲಿಗೆ ಹಾಕಿದೆ. ಆಮೇಲೆ ಭಾಮೆಯ ಗೂಡಿಗೆ ಗೋಣಿತಾಟು ಇಳಿಬಿಟ್ಟು, ಮೇವು ನೀರು ಇಟ್ಟು, ಬಾಯಿ ತೆರೆಯದೆ ಹಿಂತಿರುಗುತ್ತಿದ್ದೆ.

ಈಗ ಕೌತುಕ ಕೇಳು. ಸ್ವಭಾವ ರಕ್ತದಿಂದ ಇಳಿಯುವುದಾದರೆ ಮೂರೂ ಕಚ್ಚಬೇಕಿತ್ತು. ಸಾಕಿದ ಮಡಿಲಿನಿಂದ ಬರುವುದಾದರೆ ರುಕ್ಮಿಣಿಯ ಬಳಿ ಬೆಳೆದ ಎರಡೂ ಸಾಧುವಾಗಬೇಕಿತ್ತು. ಅವುಗಳಲ್ಲಿ ಒಂದು ಸಾಧು, ಇನ್ನೊಂದು ಬೆರಳು ಕಂಡರೆ ಸಾಕ್ಷಾತ್ ಭಾಮೆ. ಭಾಮೆಯ ಬಳಿಯೇ ಬೆಳೆದದ್ದೋ ನನ್ನ ಅಂಗೈಯಿಂದ ಗರಿಕೆ ತಿನ್ನುತ್ತದೆ! ಇದನ್ನು ಯಾವ ಶಾಸ್ತ್ರದಿಂದ ಬಿಡಿಸಲಿ? ರಕ್ತವೂ ಉಂಟು, ಮಡಿಲೂ ಉಂಟು; ಗೂಡಿನ ಹೊರಗೆ ನಿಂತವರ ನಡತೆಯೂ ಉಂಟೆಂದು ನನಗೆ ತೋರುತ್ತದೆ. ನಿನಗೆ ಹೇಗೆ ತೋರುವುದೋ ಬರೆ.

ನಿನ್ನ ಅತ್ತೆಯವರು ಸಹನೆಯುಳ್ಳವರೆಂಬುದನ್ನು ನಾನು ಬಲ್ಲೆ. ಆದರೂ ನಡುಮನೆಯ ಪಕ್ಕದ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಬರುವುದೂ ಬಿಡುವುದೂ ನಿನ್ನ ಇಚ್ಛೆ.

ನಿನ್ನ ಅಮ್ಮ
ಯದುಗಿರಿ

ಬರೆಯಲು ಮರೆತದ್ದು: ನೀನು ಬರುವುದಾದರೆ ಬಾಣಂತನ ನನ್ನದಲ್ಲ, ಬಸ್ತಿಹಳ್ಳಿಯ ಮುದ್ದಮ್ಮನದು, ಮಗುವಿಗೆ ನೀರೆರೆಯುವವಳೂ ಅವಳೇ. "ನೀವು ಗಳಿಗೆಗೊಂದ್ಸಲ ಇಣುಕ್ಬಾರ್ದು, ಬುದ್ಧಿ ಹೇಳ್ಬಾರ್ದು, ಒಪ್ಪಿದ್ರೆ ಬತ್ತೀನಿ" ಎಂದಳು. ಒಪ್ಪಿದೆ. ಕೋಣೆಯ ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಚಿಲಕವನ್ನೂ ಕೂಡಿಸಿದ್ದೇನೆ.