ಬಲಗಣ್ಣಿನ ಬಿಳಿ ಚುಕ್ಕೆ

ಜೂನ್ 11
ಇವತ್ತೂ ಪಾಸ್‌ಪೋರ್ಟ್ ಸೈಜ್ ಫೋಟೋಗಳೇ. ಹದಿನಾಲ್ಕು ಮುಖ. ಮಧ್ಯಾಹ್ನ ತಂಗಿ ತನ್ನ ಮಗಳು ಗುಬ್ಬಿಯನ್ನು ಎತ್ತಿಕೊಂಡು ಸ್ಟುಡಿಯೋಗೆ ಬಂದಳು. ಪ್ರತಿ ತಿಂಗಳ ಹನ್ನೊಂದಕ್ಕೆ ಅದೇ ಕೆಂಪು ಸ್ಟೂಲು, ಅದೇ ಫ್ಲ್ಯಾಶ್ — ಗುಬ್ಬಿ ಹುಟ್ಟಿದಾಗಿನಿಂದ ಆಲ್ಬಮ್ಮಿಗೆಂದು ಮಾಡಿಕೊಂಡ ನೇಮ. ಇದು ಇಪ್ಪತ್ತಾರನೆಯದು. ಬಲಗಣ್ಣಿನಲ್ಲಿ ಮತ್ತೆ ಆ ಬಿಳಿ ಚುಕ್ಕೆ. ಹೋದ ತಿಂಗಳೂ ಇತ್ತು, ಅದರ ಹಿಂದಿನ ತಿಂಗಳೂ. ಕಂಪ್ಯೂಟರಿನಲ್ಲಿ ಬ್ರಷ್ ಆಡಿಸಿ ಕಪ್ಪು ಮಾಡಿಬಿಟ್ಟೆ. ಎರಡು ನಿಮಿಷದ ಕೆಲಸ. ಕ್ಯಾಮೆರಾಕ್ಕೂ ವಯಸ್ಸಾಯಿತು, ಮುದಿ ಗೂಬೆ.

ಜೂನ್ 12
ಗಿರಾಕಿಗಳಿಲ್ಲ. ಕ್ಯಾಮೆರಾದ ತಪಾಸಣೆ. ಲೆನ್ಸ್ ಒರೆಸಿದೆ. ಒಳಗೆ ಸೆನ್ಸರ್ ಮೇಲೆ ಧೂಳಿದ್ದರೆ ಎಲ್ಲದರ ಮೇಲೂ ಕಲೆ ಬರಬೇಕು ಎಂದು ಬಿಳಿ ಗೋಡೆಯ ಫೋಟೋ ತೆಗೆದೆ. ಗೋಡೆ ಶುಭ್ರ. ಕಾರ್ಡ್ ಬದಲಿಸಿದೆ, ಬೇರೆ ಫ್ಲ್ಯಾಶ್ ಹಾಕಿದೆ, ಸ್ಟೂಲಿನ ಮೇಲೆ ಗೊಂಬೆ ಕೂರಿಸಿದೆ. ಕೊನೆಗೆ ನಾನೇ ಕೂತು, ಟೈಮರ್ ಇಟ್ಟು, ಹನ್ನೆರಡು ಸಲ ಹಲ್ಲು ಕಿರಿದೆ. ಚುಕ್ಕೆ ಇಲ್ಲ, ಡಬಲ್ ಚಿನ್ ಇದೆ. ಅದಕ್ಕೆ ಕ್ಯಾಮೆರಾವನ್ನು ಬೈಯುವಂತಿಲ್ಲ.

ಜೂನ್ 14, ಬೆಳಿಗ್ಗೆ 11
ಕ್ಯಾಮೆರಾವನ್ನು ರಿಪೇರಿ ಮಾಮನ ಅಂಗಡಿಗೆ ಒಯ್ದೆ. ಅರ್ಧ ಗಂಟೆ ಬಿಚ್ಚಿ ನೋಡಿದರು. ಆಮೇಲೆ ಗುಬ್ಬಿಯ ಫೋಟೋ ಕೇಳಿದರು. ತೋರಿಸಿದೆ.

"ಇದಲ್ಲಮ್ಮ, ತಿದ್ದೋಕ್ ಮುಂಚಿಂದು ತೋರ್ಸು."

ಪುಣ್ಯಕ್ಕೆ ಅಳಿಸಿರಲಿಲ್ಲ. ಕನ್ನಡಕ ಹಣೆಗೇರಿಸಿ ಮೂರನ್ನೂ ನೋಡಿದರು.

"ಕ್ಯಾಮೆರಾದ್ದೇ ರೋಗ ಆಗಿದ್ರೆ ಎಲ್ಲರ ಮುಖದಲ್ಲೂ ಬರ್ಬೇಕಿತ್ತು. ಇದು ಒಂದೇ ಮಗು, ಒಂದೇ ಕಣ್ಣು, ತಿಂಗಳಿಂದ ತಿಂಗಳಿಗೆ ದೊಡ್ಡದಾಗ್ತಿದೆ. ಕ್ಯಾಮೆರಾ ಇಲ್ಲೇ ಇರ್ಲಿ. ಮಗೂನ ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡ್ ಹೋಗು. ಇವತ್ತೇ."

ಗುಬ್ಬಿಯನ್ನು ಕಣ್ಣಾಸ್ಪತ್ರೆಗೆ ಕರೆತರಲು ತಂಗಿಗೆ ಫೋನ್ ಮಾಡಿದೆ. ಹೊರಟೆ.

ಜೂನ್ 14, ಸಂಜೆ
ಪೊರೆ. ಎರಡು ವರ್ಷದ ಕೂಸಿನ ಕಣ್ಣಿನಲ್ಲಿ ಪೊರೆ. ಬೇಗ ಆಪರೇಷನ್ ಆಗಬೇಕು. ತಡವಾದರೆ ಆ ಕಣ್ಣು ನೋಡುವುದನ್ನೇ ಕಲಿಯುವುದಿಲ್ಲವಂತೆ. ಯಾವಾಗಿನಿಂದ ಇದೆ ಎಂದು ಡಾಕ್ಟರಮ್ಮ ಕೇಳಿದರು. ತಂಗಿಗೆ ಗೊತ್ತಿಲ್ಲ. ನನಗೆ ಗೊತ್ತಿತ್ತು. ಏಪ್ರಿಲ್ ಹನ್ನೊಂದು, ಎರಡನೇ ಹುಟ್ಟುಹಬ್ಬ.

ಹೊರಗಿನ ಬೆಂಚಿನಲ್ಲಿ ತಂಗಿಗೆ ಹೇಳಿದೆ, ಮೂರು ಸಲ ನಾನೇ ಒರೆಸಿಹಾಕಿದೆ ಎಂದು. ಅವಳು ಗುಬ್ಬಿಯ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡು ನೋಡಿದಳು.

"ದಿನಾ ಮುಖ ತೊಳೆಯೋಳು ನಾನು ಅಕ್ಕ. ನಂಗೂ ಕಾಣ್ಲಿಲ್ಲ."

ಆಮೇಲೆ ನನ್ನ ಭುಜಕ್ಕೆ ಒರಗಿ ಅತ್ತಳು. ಬೈದಿದ್ದರೆ ಹಗುರವಾಗುತ್ತಿತ್ತು. ಕ್ಯಾಮೆರಾ ಪಾಪ, ಕಂಡದ್ದನ್ನು ಕಂಡ ಹಾಗೆ ಹೇಳುತ್ತಲೇ ಇತ್ತು. ಅದರ ಬಾಯಿ ಮುಚ್ಚಿಸಿದವಳು ನಾನು.

ಜೂನ್ 27
ಆಪರೇಷನ್ ಆಯಿತು. ಚೆನ್ನಾಗಿ ಆಯಿತು. ದೇವರಿಗೆ, ಡಾಕ್ಟರಮ್ಮನಿಗೆ, ಮಾಮನಿಗೆ... ಯಾರಿಗೆ ಮೊದಲು ಕೈಮುಗಿಯಲಿ? ಮಾಮನಿಗೆ ಫೋನ್ ಮಾಡಿದೆ. ಥ್ಯಾಂಕ್ಸ್ ಎನ್ನಲು ಹೋಗಿ ಅತ್ತೇಬಿಟ್ಟೆ.

"ಆಯ್ತು ಬಿಡಮ್ಮ. ಬಂದು ಕ್ಯಾಮೆರಾ ತಗೊಂಡ್ ಹೋಗು, ಇಲ್ಲಿ ಜಾಗ ಇಲ್ಲ."

ಅವರ ದನಿಯೂ ಸರಿಯಿರಲಿಲ್ಲ.

ಜುಲೈ 11
ಫೋಟೋ ದಿನ. ಗುಬ್ಬಿ ಬಂದು ಸ್ಟೂಲಿನ ಮೇಲೆ ಕೂತಳು. ಕ್ಯಾಮೆರಾ ಹಿಡಿಯಲು ಕೈ ಬರಲಿಲ್ಲ. ಅವಳನ್ನು ಎತ್ತಿಕೊಂಡು ಸುಮ್ಮನೆ ಸ್ಟುಡಿಯೋ ಸುತ್ತಿದೆ.

ಆಗಸ್ಟ್ 3, ಮಧ್ಯಾಹ್ನ
ಎಡಗಣ್ಣಿಗೆ ದಿನಾ ಎರಡು ಗಂಟೆ ಪಟ್ಟಿ. ಬಲಗಣ್ಣು ಕೆಲಸ ಕಲಿಯಬೇಕಲ್ಲ. ಮೊದಲ ವಾರ ಬಾಗಿಲಿಗೆ ಡಿಕ್ಕಿ, ರಂಪ, ಪಟ್ಟಿ ಕಿತ್ತೆಸೆತ. ತಂಗಿಗೂ ಅವಳಿಗೂ ದಿನಾ ಜಗಳ. ಇವತ್ತು ಪಟ್ಟಿಯ ಮೇಲೆ ದಪ್ಪ ಕನ್ನಡಕ ಹಾಕಿಕೊಂಡು ನನ್ನ ತೊಡೆಯ ಮೇಲೆ ಕೂತಿದ್ದಾಳೆ, ನಾನು ಬರೆಯುವುದನ್ನೇ ನೋಡುತ್ತಾ. ಈಗಷ್ಟೇ ಮೇಲಿನ ಸಾಲಿನ ಮೇಲೆ ಬೆರಳಿಟ್ಟು, "ದೊಡ್ಡಮ್ಮ, ಇಲುವೆ" ಎಂದಳು.

ಇಷ್ಟು ಸಣ್ಣ ಅಕ್ಷರ. ಆ ಕಣ್ಣಿಗೆ ಕಂಡಿದೆ. ಇರುವೆಯಲ್ಲ ಮಗಳೇ ಎನ್ನಲು ಬಾಯೇ ಬರುತ್ತಿಲ್ಲ. ಹಿಡಿಯಲು ಹೊರಟಿದ್ದಾಳೆ, ಒಂದೊಂದನ್ನೇ ಬೆರಳಿನಿಂದ ಒತ್ತಿ. ಇನ್ನೊಂದು ಸಾಲು ಬರೆಯೋಣವೆಂದರೆ ಪೆನ್ನಿನ ತುದಿಗೇ ಕೈ ಹಾಕಿ—